ಗೋವಾದ ಬಂದರುದಂಡೆಯಲ್ಲಿ ಮನೆಮಂದಿಗೆಲ್ಲ ಮೀನೂಟ ಮಾಡಿಸುವ ಬಗೆ

ಹುಬ್ಬಳ್ಳಿ, ಬೆಳಗಾವಿ, ದಾವಣಗೆರೆಗಳಿಂದ ವಾಸ್ಕೋದ ನೆಂಟರ ಮನೆಗೆ ಬಂದಿಳಿಯುವವರು ಮೊದಲ ಚಹಾ ಮುಗಿಯುವ ಮುನ್ನವೇ ಕೇಳುವ ಪ್ರಶ್ನೆ ಒಂದಿದೆ: ನೀರಿನ ಬದಿಯಲ್ಲಿ ಕುಳಿತು ಒಳ್ಳೆಯ ಮೀನು ಎಲ್ಲಿ ತಿನ್ನಬಹುದು? ಇಲ್ಲಿ ನೆಲೆಸಿರುವ ನಮ್ಮಂಥ ಕನ್ನಡಿಗರು ಸಾಮಾನ್ಯವಾಗಿ ಒಂದು ಹೋಟೆಲಿನ ಹೆಸರು ಹೇಳಿ ಕೈತೊಳೆದುಕೊಳ್ಳುತ್ತೇವೆ. ಬರಿಯ ಹೆಸರಿನಿಂದ ಆಗುವ ಉಪಕಾರ ಅಷ್ಟಕ್ಕಷ್ಟೇ. ಇಡ್ಲಿ ದೋಸೆಯ ಹೋಟೆಲು ವರ್ಷವಿಡೀ ಒಂದೇ ಹದದಲ್ಲಿ ನಡೆಯಬಲ್ಲದು. ಮೀನಿನ ಹೋಟೆಲಿನ ಊಟವನ್ನು ಆ ದಿನ ಬೆಳಗ್ಗೆ ಜೆಟ್ಟಿಗೆ ಬಂದ ದೋಣಿಯೇ ನಿರ್ಧರಿಸುತ್ತದೆ. ಮೇಲಾಗಿ ಹಲ್ಲು ಸಡಿಲವಾದ ಅಜ್ಜಿ, ಮುಳ್ಳು ತೆಗೆಯಲು ಬಾರದ ಮೊಮ್ಮಗು, ಮೀನಿನ ವಾಸನೆಗೇ ಮುಖ ತಿರುಗಿಸುವ ಸೊಸೆ, ಏಡಿ ಎಂದರೆ ಪ್ರಾಣ ಬಿಡುವ ಅಳಿಯ, ಇವರೆಲ್ಲರೂ ಒಂದೇ ಮೇಜಿಗೆ ಕೂರಬೇಕಾಗಿರುತ್ತದೆ. ಆದ್ದರಿಂದ ಮೆನು ಕಾರ್ಡನ್ನು ಸ್ವಲ್ಪ ಹೊತ್ತು ಮಡಿಸಿಟ್ಟು, ಆ ದಿನದ ಮೀನು ಯಾವುದು ಮತ್ತು ಮೇಜಿನ ಸುತ್ತ ಕುಳಿತವರು ಯಾರು ಎಂಬ ಎರಡು ಸಂಗತಿಗಳಿಂದ ಆರಂಭಿಸಬೇಕೆಂಬುದು ನನ್ನ ಅಭಿಪ್ರಾಯ.

ಮೊದಲು ಜಾಗದ ಮಾತು. ಗೋವಾದಲ್ಲಿ ಮೀನು ಇಳಿಸುವ ಪ್ರಮುಖ ಜೆಟ್ಟಿಗಳೆಂದರೆ ವಾಸ್ಕೋದ ಖಾರೆವಾಡೊ, ಪಣಜಿಯ ಎದುರು ದಂಡೆಯಲ್ಲಿ ಬೆತಿಮ್ ಪಕ್ಕದ ಮಾಲಿಮ್, ಉತ್ತರದಲ್ಲಿ ಶಾಪೋರಾ, ದಕ್ಷಿಣದಲ್ಲಿ ಸಾಳ್ ನದಿಯ ಮುಖದ ಬಳಿಯ ಕುಟಬಣ. ಜೆಟ್ಟಿಯೇ ಊಟದ ಜಾಗವೆಂದು ಭಾವಿಸಿ ಮಕ್ಕಳನ್ನು ಕರೆದೊಯ್ಯಬಾರದು; ಐಸ್ ಕರಗಿದ ನೀರು, ಡೀಸೆಲ್ಲು, ಮೀನಿನ ಲೋಳೆ ಸೇರಿ ನೆಲ ಜಾರುತ್ತದೆ, ಬುಟ್ಟಿ ಹೊತ್ತವರ ಓಡಾಟಕ್ಕೆ ನಾವು ಅಡ್ಡಿಯಾಗುತ್ತೇವೆ. ಜೆಟ್ಟಿಯಿಂದ ತುಸು ಒಳಗೆ, ನದಿಯ ಶಾಂತ ದಂಡೆಯಲ್ಲಿರುವ ಹೋಟೆಲುಗಳೇ ಕುಟುಂಬಕ್ಕೆ ತಕ್ಕವು. ಪಣಜಿಯಲ್ಲಿ ಉಳಿದುಕೊಂಡವರು ಮಾಂಡೋವಿ ನದಿ ದಾಟಿ ಬೆತಿಮ್‌ಗೆ ಹೋಗಲು ಸೇತುವೆ ಬಿಟ್ಟು ಫೆರಿ ಹತ್ತುವುದು ಒಳ್ಳೆಯದು. ಮಕ್ಕಳಿಗೆ ಹೋಟೆಲಿಗಿಂತ ಆ ಕೆಲವು ನಿಮಿಷಗಳ ಪ್ರಯಾಣವೇ ಹೆಚ್ಚು ನೆನಪಿನಲ್ಲಿ ಉಳಿಯುತ್ತದೆ. ದಕ್ಷಿಣ ಗೋವಾದಲ್ಲಿರುವವರಿಗೆ ಕಾವೆಲೋಸಿಮ್, ಅಸೋಳ್ಣೆ, ಬೇತುಲ್ ಕಡೆಯ ಸಾಳ್ ನದಿಯ ದಂಡೆ ಹತ್ತಿರವಾಗುತ್ತದೆ. ನೀರಿನ ನೋಟ ಬೇಡ, ಊಟವಷ್ಟೇ ಸಾಕು ಎನ್ನುವವರು ಊರೊಳಗಿನ ಥಾಲಿ ಹೋಟೆಲುಗಳನ್ನೇ ಆರಿಸಿಕೊಳ್ಳಲಿ. ವಾಸ್ಕೋದ ಅನಂತಾಶ್ರಮದಂಥ ಹಳೆಯ ಜಾಗಗಳಲ್ಲಿ ಸಿಗುವ ಮೀನಿನ ಥಾಲಿ ದಂಡೆಯ ದುಬಾರಿ ಹೋಟೆಲಿನ ಊಟಕ್ಕೆ ಯಾವ ರೀತಿಯಲ್ಲೂ ಕಡಿಮೆಯಲ್ಲ, ಎಷ್ಟೋ ಸಲ ಅದಕ್ಕಿಂತ ಮೇಲು.

ಸೂರ್ಯಾಸ್ತ ನೋಡುತ್ತ ಊಟ ಮಾಡಬೇಕೆಂಬ ಆಸೆಯಿಂದ ಬರುವವರು ದಂಡೆಯ ದಿಕ್ಕನ್ನು ಮೊದಲೇ ವಿಚಾರಿಸಿಕೊಳ್ಳಬೇಕು. ಕಾವೆಲೋಸಿಮ್ ಒಂದು ಕಿರಿದಾದ ಭೂಪಟ್ಟಿ. ಅದರ ಪಶ್ಚಿಮಕ್ಕೆ ಸಮುದ್ರ, ಪೂರ್ವಕ್ಕೆ ಸಾಳ್ ನದಿ. ಅಲ್ಲಿನ ನದಿದಂಡೆಯ ಹೋಟೆಲುಗಳು ಪೂರ್ವಕ್ಕೆ ಮುಖ ಮಾಡಿರುವುದರಿಂದ ಸೂರ್ಯ ನಿಮ್ಮ ಬೆನ್ನ ಹಿಂದೆ, ತೆಂಗಿನ ಮರಗಳ ಆಚೆ ಮುಳುಗುತ್ತಾನೆ. ಅದರ ಬದಲು ಹುಣ್ಣಿಮೆಯ ಸಂಜೆ ಅಲ್ಲಿ ಕುಳಿತರೆ ಚಂದ್ರ ನದಿಯ ಮೇಲೆ ಏಳುವುದು ಕಾಣುತ್ತದೆ. ಸೂರ್ಯಾಸ್ತವೇ ಬೇಕಿದ್ದವರು ಮಾಂಡೋವಿಯ ಮುಖದ ಕಡೆಗೆ ನೋಟವಿರುವ ಜಾಗ ಹುಡುಕಿಕೊಂಡು, ಡಿಸೆಂಬರಿನಲ್ಲಿ ಸಂಜೆ 5.30ಕ್ಕೂ, ಮೇ ತಿಂಗಳಲ್ಲಿ 6.30ಕ್ಕೂ ಮೇಜು ಹಿಡಿದಿರಬೇಕು. ಭರತ ಇಳಿತಗಳೂ ಲೆಕ್ಕಕ್ಕೆ ಬರುತ್ತವೆ. ಭರತದ ಹೊತ್ತಿನಲ್ಲಿ ನೀರು ಮೇಜಿನ ಹತ್ತಿರಕ್ಕೆ ಬಂದು ದಂಡೆ ಚೆಲುವಾಗಿ ಕಾಣುತ್ತದೆ. ಇಳಿತದಲ್ಲಿ ಕೆಸರು ತೆರೆದುಕೊಂಡು ಅದರ ವಾಸನೆ ಊಟದ ತಟ್ಟೆಯವರೆಗೂ ಬರುತ್ತದೆ. ಭರತದ ಸಮಯ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುವುದರಿಂದ, ಹಿಂದಿನ ದಿನ ಅದೇ ಜಾಗದಲ್ಲಿ ನೀರು ಎಷ್ಟು ಹೊತ್ತಿಗೆ ತುಂಬಿತ್ತೆಂದು ಹೋಟೆಲಿಗೆ ಫೋನ್ ಮಾಡಿ ಕೇಳಿದರೆ ಸಾಕು. ಚಿಕ್ಕ ಮಕ್ಕಳಿದ್ದರೆ ಕಟಕಟೆಯ ಪಕ್ಕದ ಮೇಜು ಬೇಡ. ಎರಡನೆಯ ಸಾಲಿನಿಂದಲೂ ನದಿ ಚೆನ್ನಾಗಿಯೇ ಕಾಣುತ್ತದೆ, ಅಮ್ಮಂದಿರಿಗೆ ನೆಮ್ಮದಿಯಿಂದ ಉಣ್ಣಲು ಆಗುತ್ತದೆ.

ತಿಂಗಳನ್ನು ನೋಡಿಕೊಂಡು ಬರುವುದು ಇನ್ನೂ ಮುಖ್ಯ. ಮೀನುಗಳ ಸಂತಾನೋತ್ಪತ್ತಿಗೆ ಅವಕಾಶವಾಗಲೆಂದು ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆ ಎರಡು ತಿಂಗಳಲ್ಲಿ ನಿಮ್ಮ ಮುಂದೆ ಬರುವ ದಪ್ಪ ಇಸ್ವಣದ (ನಮ್ಮ ಅಂಜಲ್ ಮೀನಿನ) ತುಂಡು ಬಹುಮಟ್ಟಿಗೆ ಐಸಿನಲ್ಲಿ ಕಾಲ ಕಳೆದದ್ದು ಅಥವಾ ದೂರದಿಂದ ಲಾರಿಯಲ್ಲಿ ಬಂದದ್ದು. 2018ರಲ್ಲಿ ಹೊರಗಿನಿಂದ ಬಂದ ಮೀನಿನಲ್ಲಿ ಕೆಡದಂತೆ ಇಡುವ ವಿಷಕಾರಿ ರಾಸಾಯನಿಕ ಫಾರ್ಮಾಲಿನ್ ಇದೆಯೆಂಬ ಗದ್ದಲ ಎದ್ದು, ಗೋವಾ ಸರಕಾರ ಕೆಲಕಾಲ ಹೊರರಾಜ್ಯಗಳ ಮೀನಿನ ಆಮದನ್ನೇ ನಿಲ್ಲಿಸಿದ್ದೂ ಇಂಥ ಮಳೆಗಾಲದಲ್ಲಿಯೇ. ಹಾಗೆಂದು ಮಳೆಗಾಲದಲ್ಲಿ ಬರಲೇಬಾರದೆಂದಲ್ಲ. ನದಿ, ಹಿನ್ನೀರು, ಖಾಜನ್ ಗದ್ದೆಗಳ (ನದಿಯ ಉಪ್ಪುನೀರಿಗೆ ಏರಿ ಕಟ್ಟಿದ ತಗ್ಗು ಗದ್ದೆಗಳ) ತೂಬುಗಳಲ್ಲಿ ಹಿಡಿಯುವ ಚೊಣಕ (ಸೀ ಬಾಸ್ ಮೀನು), ಸಿಗಡಿ, ಏಡಿ ಆಗ ಸಿಗುತ್ತವೆ. ಅವನ್ನೇ ಕೇಳಿ ತರಿಸಿಕೊಳ್ಳಬೇಕು. ಆಗಸ್ಟ್ ದಾಟಿದ ಮೇಲೆ ಬಂಗುಡೆ ಮತ್ತು ಸಿಗಡಿ, ಚಳಿ ಬೀಳುತ್ತಲೇ ಇಸ್ವಣ, ಬೇಸಿಗೆಯಲ್ಲಿ ಬೇತುಲ್ ಕಡೆಯ ಬಂಡೆಗಳಿಂದ ಕಿತ್ತು ತರುವ ಶಿನಾಣ್ಯೊ, ಅಂದರೆ ನಮ್ಮ ಮಂಗಳೂರಿನವರ ಪಚ್ಚಿಲೆ ಚಿಪ್ಪು, ಹೀಗೆ ಒಂದೊಂದು ಕಾಲಕ್ಕೆ ಒಂದೊಂದು. ವಾರದ ಲೆಕ್ಕವೂ ಇದೆ: ಸೋಮವಾರ ಇಲ್ಲಿನ ಅನೇಕ ಹಿಂದೂ ಮನೆಗಳಲ್ಲಿ ಮೀನಿಲ್ಲದ ಕಾರಣ ಹೋಟೆಲುಗಳಲ್ಲಿ ಜನ ಕಡಿಮೆ, ಭಾನುವಾರ ಮಧ್ಯಾಹ್ನ ಕಾಲಿಡಲು ಜಾಗವಿರುವುದಿಲ್ಲ. ಮಧ್ಯಾಹ್ನದ ಊಟಕ್ಕೆ 12.30ಕ್ಕೆ ಹೋಗಿಬಿಡುವುದು ಕ್ಷೇಮ. 3 ಗಂಟೆಯ ಸುಮಾರಿಗೆ ಹಲವು ಅಡುಗೆಮನೆಗಳು ಮುಚ್ಚುತ್ತವೆ, ಗೋವಾದವರ ಮಧ್ಯಾಹ್ನದ ನಿದ್ದೆಯನ್ನು ಯಾವ ಪ್ರವಾಸಿಯ ಹಸಿವೂ ಕೆಡಿಸಲಾರದು.

ಹೋಟೆಲಿಗೆ ಕಾಲಿಟ್ಟ ಕೂಡಲೇ ಎಲ್ಲರನ್ನೂ ಕೂರಿಸಿ, ಮನೆಯ ಒಬ್ಬರು ಎದ್ದು ಮೀನಿನ ಟ್ರೇ ಇರುವಲ್ಲಿಗೆ ಹೋಗಬೇಕು. ಟ್ರೇ ತೋರಿಸಲು ಹಿಂದೆಮುಂದೆ ನೋಡುವ ಹೋಟೆಲಿನಲ್ಲಿ ದೊಡ್ಡ ಮೀನು ಹೇಳದಿರುವುದೇ ಮೇಲು. ‘ಆಯ್ಜ್ ತಾಜೆಂ ಕಿತೆಂ ಆಸಾ?’ (ಇವತ್ತು ತಾಜಾ ಏನಿದೆ?) ಎಂದು ಕೊಂಕಣಿಯಲ್ಲಿ ಕೇಳಿದರೆ ಉತ್ತರದ ಧಾಟಿಯೇ ಬದಲಾಗುತ್ತದೆ. ಕನ್ನಡದಲ್ಲಿ ಕೇಳಿದರೂ ನಷ್ಟವಿಲ್ಲ, ಏಕೆಂದರೆ ಮೀನು ಕೆರೆಯುವವರಲ್ಲಿ, ಅಡುಗೆಮನೆಯ ಸಹಾಯಕರಲ್ಲಿ ಉತ್ತರ ಕರ್ನಾಟಕದವರು ಬಹಳ ಮಂದಿ ಇದ್ದಾರೆ ಮತ್ತು ಊರಿನವರೆಂದು ತಿಳಿದರೆ ‘ಇವತ್ತ ಪಾಪ್ಲೆಟ್ ಬ್ಯಾಡ್ರಿ, ನಿನ್ನಿದು’ ಎಂದು ಮೆಲ್ಲಗೆ ಹೇಳಿಬಿಡುತ್ತಾರೆ. ಅಂಥ ಒಂದು ಮಾತಿಗೆ ಹತ್ತು ವಿಮರ್ಶೆಗಳ ಬೆಲೆಯಿದೆ.

ಇನ್ನು ಕಣ್ಣಿನಿಂದಲೇ ತಿಳಿಯುವ ಗುರುತುಗಳು. ತಾಜಾ ಮೀನಿನ ಕಣ್ಣು ಉಬ್ಬಿ ಹೊಳೆಯುತ್ತದೆ, ಹಳೆಯದಾದಂತೆ ಒಳಗೆ ಕುಸಿದು ಮಂಜು ಕವಿಯುತ್ತದೆ. ಕಿವಿರನ್ನು ಎತ್ತಿ ತೋರಿಸಲು ಹೇಳಬೇಕು. ಅದು ಕೆಂಪಾಗಿ ಒದ್ದೆಯಾಗಿರಬೇಕೇ ಹೊರತು ಕಂದು ಬಣ್ಣಕ್ಕೆ ತಿರುಗಿರಬಾರದು. ಬಂಗುಡೆಯನ್ನು ತಲೆಯ ಕಡೆಯಿಂದ ಹಿಡಿದು ಅಡ್ಡಲಾಗಿ ಎತ್ತಿದರೆ ಬಾಲ ಸೆಟೆದು ನಿಲ್ಲುತ್ತದೆ. ಜೋತುಬಿದ್ದರೆ ಅದನ್ನು ಬಿಡಬೇಕು. ಅದರ ಬೆನ್ನಿನ ನೀಲಿ ಹಸಿರು ಗೆರೆಗಳು ಮಿಂಚುತ್ತಿರಬೇಕು, ಹೊಟ್ಟೆಯ ಭಾಗ ಒತ್ತಿದರೆ ಬೆರಳಿನ ಗುಳಿ ಉಳಿಯಬಾರದು. ಸಿಗಡಿಯ ತಲೆ ಮೈಗೆ ಬಿಗಿಯಾಗಿ ಅಂಟಿರಬೇಕು, ಕತ್ತಿನ ಬಳಿ ಕಪ್ಪು ತಿರುಗಿರಬಾರದು. ಬೊಂಡಾಸಿನ (ಸ್ಕ್ವಿಡ್) ಮಾಂಸ ಬಿಳಿಯಾಗಿ, ಮೇಲಿನ ಪೊರೆಯ ಚುಕ್ಕೆಗಳು ಸ್ಪಷ್ಟವಾಗಿರಬೇಕು. ಇಡೀ ಮೈಗೆ ಗುಲಾಬಿ ಬಣ್ಣ ಹರಡಿದ್ದರೆ ಅದು ಹಳೆಯದು. ಏಡಿ ಜೀವಂತವಾಗಿರಬೇಕು, ಗಾತ್ರಕ್ಕೆ ಮೀರಿದ ಭಾರ ಕೈಗೆ ತಿಳಿಯಬೇಕು. ಇವೆಲ್ಲದರ ಮೇಲೆ ಮೂಗಿನ ತೀರ್ಪು: ಒಳ್ಳೆಯ ಮೀನು ಸಮುದ್ರದ ವಾಸನೆ ಹೊಡೆಯುತ್ತದೆಯೇ ಹೊರತು ಮೀನಿನ ವಾಸನೆ ಹೊಡೆಯುವುದಿಲ್ಲ.

ಕರಾವಳಿಯ ನಮ್ಮವರಿಗೆ ಮೀನು ಗೊತ್ತಿದ್ದರೂ ಇಲ್ಲಿನ ಹೆಸರುಗಳು ಗೊಂದಲ ತರುತ್ತವೆ. ಅಂಜಲ್ ಇಲ್ಲಿ ಇಸ್ವಣ ಅಥವಾ ವಿಸ್ವಣ, ಮೆನುವಿನಲ್ಲಿ ಹಲವೊಮ್ಮೆ ಸುರ್ಮೈ ಅಥವಾ ಕಿಂಗ್‌ಫಿಶ್, ಕಾಣೆ ಇಲ್ಲಿ ಮುಡ್ದೊಶಿ, ಬೂತಾಯಿ ತಾರ್ಲೆ, ಮಾಂಜಿ ಪಾಪ್ಲೆಟ್, ಬೊಂಡಾಸ್ ಮಾಣ್ಕಿ, ಸಿಗಡಿ ಸುಂಗ್ಟಾಂ, ಏಡಿ ಕುರ್ಲಿ, ಮರುವಾಯಿ ತಿಸ್ರ್ಯೊ. ಬಂಗುಡೆ ಮಾತ್ರ ಬಾಂಗ್ಡೊ ಆಗಿ ಹೆಚ್ಚುಕಡಿಮೆ ತನ್ನ ಹೆಸರನ್ನೇ ಉಳಿಸಿಕೊಂಡಿದೆ.

ಮಕ್ಕಳಿಗೂ ಹಿರಿಯರಿಗೂ ಯಾವ ಮೀನು ಎಂಬುದನ್ನು ಮುಳ್ಳು ನಿರ್ಧರಿಸಬೇಕು, ರುಚಿ ಆಮೇಲಿನ ಮಾತು. ಇಸ್ವಣದ ಅಡ್ಡ ತುಂಡಿನಲ್ಲಿ ನಡುಮುಳ್ಳೊಂದನ್ನು ತೆಗೆದರೆ ಉಳಿದದ್ದು ಬಹುಮಟ್ಟಿಗೆ ಬರಿಯ ಮಾಂಸ, ಆದ್ದರಿಂದ ಐದಾರು ವರ್ಷದ ಮಗುವಿಗೆ ಅದೇ ಮೊದಲ ಆಯ್ಕೆ. ಚೊಣಕದ ಮಾಂಸ ದಪ್ಪ ಪದರಗಳಾಗಿ ಬಿಡಿಸಿಕೊಳ್ಳುತ್ತದೆ, ಅಜ್ಜಿಯ ಹಲ್ಲಿಗೂ ತೊಂದರೆ ಕೊಡುವುದಿಲ್ಲ. ಪಾಪ್ಲೆಟ್ಟಿನ ಮಾಂಸ ನಡುವಿನ ಚೌಕಟ್ಟಿನಿಂದ ಸಲೀಸಾಗಿ ಕಳಚಿಕೊಳ್ಳುತ್ತದೆ. ಬಂಗುಡೆಯಲ್ಲಿ ಪಕ್ಕದ ಸಣ್ಣ ಮುಳ್ಳುಗಳಿರುವುದರಿಂದ ದೊಡ್ಡವರು ಬಿಡಿಸಿಕೊಡಬೇಕು. ತಾರ್ಲೆಯನ್ನು ಅಭ್ಯಾಸವಿಲ್ಲದವರು ಹೊರಗಿನ ಊಟದಲ್ಲಿ ಕಲಿಯಲು ಹೋಗಬಾರದು. ಮುಳ್ಳು ಗಂಟಲಿಗೆ ಚುಚ್ಚಿಕೊಂಡರೆ ಅನ್ನದ ಉಂಡೆ, ಬಾಳೆಹಣ್ಣು ನುಂಗಿಸುವ ನಮ್ಮ ಹಳೆಯ ಉಪಾಯ ಬೇಡ, ಅದರಿಂದ ಮುಳ್ಳು ಇನ್ನಷ್ಟು ಒಳಗೆ ಹೋಗಬಹುದು. ಕೆಮ್ಮಿ ನೋಡಿ, ಚುಚ್ಚುವುದು ನಿಲ್ಲದಿದ್ದರೆ ವೈದ್ಯರಲ್ಲಿಗೆ ಹೋಗುವುದೊಂದೇ ದಾರಿ.

ಖಾರದ ವಿಷಯದಲ್ಲಿ ಬಣ್ಣವನ್ನು ನಂಬಬಹುದು. ಮೆಣಸು, ವಿನೆಗರ್ ಅರೆದ ಕೆಂಪು ರೆಶಾದ್ ಮಸಾಲೆ ತುಂಬಿದ ಬಂಗುಡೆ ದೊಡ್ಡವರ ನಾಲಗೆಗೆ. ಹುಳಿ ಮತ್ತು ಖಾರ ಎರಡೂ ಏರಿದ ಅಂಬಟ್ ತೀಖ್ ಇನ್ನೂ ಒಂದು ಮೆಟ್ಟಿಲು ಮೇಲೆ. ತೆಂಗಿನ ಹಾಲಿನ ಹಳದಿ ಕಾಲ್ದಿನ್ ಸೌಮ್ಯವಾದದ್ದು, ಮಕ್ಕಳಿಗೆ ಅದರ ರಸದಲ್ಲಿ ಅನ್ನ ಕಲಸಿ ಕೊಡಬಹುದು. ರವೆ ಹಚ್ಚಿ ಹುರಿದ ತುಂಡನ್ನು ಹೇಳುವಾಗ ಒಳಗಿನ ಮಸಾಲೆ ಕಡಿಮೆ ಇರಲೆಂದು ಸ್ಪಷ್ಟವಾಗಿ ಹೇಳಬೇಕು, ಏಕೆಂದರೆ ಖಾರ ಅಡಗಿರುವುದು ರವೆಯ ಕೆಳಗೆ. ಬಂಗುಡೆ ಸಾರಿನಲ್ಲಿ ತೇಲುವ ತೆಪ್ಪಳದ ಕಾಯಿಗಳನ್ನು ಕಚ್ಚಬಾರದೆಂದು ಮಕ್ಕಳಿಗೆ ಮೊದಲೇ ತಿಳಿಸಿರಬೇಕು. ನಮ್ಮ ಉತ್ತರ ಕನ್ನಡದವರ ಜುಮ್ಮನಕಾಯಿ ಅದೇ, ಪರಿಮಳ ಸೊಗಸು, ಕಚ್ಚಿದರೆ ನಾಲಗೆ ಜುಮ್ಮೆನ್ನುತ್ತದೆ. ಅನ್ನ ಕೇಳುವಾಗ ‘ಉಕ್ಡೆ’ ಎಂದರೆ ಕೆಂಪು ಕುಚ್ಚಲಕ್ಕಿಯ ಅನ್ನ ಬರುತ್ತದೆ. ಬಿಳಿ ಅನ್ನಕ್ಕಿಂತ ಈ ಸಾರಿಗೆ ಅದೇ ಹೊಂದುತ್ತದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಮೇಜಿನಲ್ಲಿ ಒಬ್ಬರೋ ಇಬ್ಬರೋ ಸಸ್ಯಾಹಾರಿಗಳು ಇದ್ದೇ ಇರುತ್ತಾರೆ, ನಮ್ಮ ಕಡೆಯ ಕುಟುಂಬಗಳಲ್ಲಂತೂ ತಪ್ಪಿದ್ದಲ್ಲ. ಅವರಿಗೆ ‘ಏನಾದರೂ ಒಂದು ತರಕಾರಿ’ ಎಂದು ಕೊನೆಯಲ್ಲಿ ಹೇಳುವುದು ಅಗೌರವ. ಮೊದಲ ಆರ್ಡರ್ ಅವರದಾಗಿರಲಿ. ಸಸ್ಯಾಹಾರಿ ಥಾಲಿ ಬಹುತೇಕ ಕಡೆ ಸಿಗುತ್ತದೆ, ಅದರಲ್ಲಿ ತೊಂಡಾಕ್ ಎಂಬ ಕಾಳಿನ ಸಾರು, ಪಲ್ಯ, ಕೋಕಂ ಹುಳಿಯ ಸೋಲ್ ಕಡಿ ಇರುತ್ತವೆ. ಆದರೆ ಒಂದು ಎಚ್ಚರಿಕೆ ಅಗತ್ಯ. ಮೀನಿನ ಥಾಲಿಯ ಬದಿಯಲ್ಲಿ ಚಿಕ್ಕದಾಗಿ ಬಡಿಸುವ ಕಿಸ್ಮೂರ್ ನೋಡಲು ತೆಂಗಿನತುರಿಯ ಕೋಸಂಬರಿಯಂತೆಯೇ ಇರುತ್ತದೆ, ಅದರೊಳಗೆ ಇರುವುದು ಹುರಿದ ಒಣ ಸಿಗಡಿ. ಪಕ್ಕದ ತಟ್ಟೆಯಿಂದ ಸಲುಗೆಯಲ್ಲಿ ಒಂದು ಚಿಟಿಕೆ ಎತ್ತಿಕೊಳ್ಳುವ ಅಭ್ಯಾಸವಿರುವ ಸಸ್ಯಾಹಾರಿ ಅತ್ತೆಗೆ ಇದನ್ನು ಊಟಕ್ಕೆ ಮುಂಚೆಯೇ ಹೇಳಿರಬೇಕು. ಕೆಂಪಗೆ ಹೊಳೆಯುವ ಬಾಲ್ಚಾಂವ್ ಉಪ್ಪಿನಕಾಯಿಯೂ ಸಿಗಡಿಯದೇ. ಪನೀರ್ ಅಥವಾ ಬದನೆಕಾಯಿ ರವಾ ಫ್ರೈ ತರಿಸುವುದಾದರೆ ಬೇರೆ ಕಾವಲಿ, ಬೇರೆ ಎಣ್ಣೆ ಸಾಧ್ಯವೇ ಎಂದು ಕೇಳಿ, ಇಲ್ಲವೆಂದರೆ ಬೇಯಿಸಿದ ಪದಾರ್ಥಗಳಿಗೇ ನಿಲ್ಲುವುದು ಪ್ರಾಮಾಣಿಕವಾದ ಕ್ರಮ. ಅವರನ್ನು ಗಾಳಿ ಬರುವ ದಿಕ್ಕಿನ ಕುರ್ಚಿಯಲ್ಲಿ ಕೂರಿಸಿದರೆ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ.

ಬೆಲೆಯ ಬಗ್ಗೆ ಸಂಕೋಚ ಬೇಡ. ಮೆನುವಿನಲ್ಲಿ ಕೆಲವು ಮೀನುಗಳ ಎದುರು ಬೆಲೆಯ ಬದಲು ‘ಗಾತ್ರಕ್ಕೆ ತಕ್ಕಂತೆ’ ಎಂದು ಬರೆದಿರುತ್ತದೆ. ಜಗಳಗಳೆಲ್ಲ ಹುಟ್ಟುವುದು ಆ ಸಾಲಿನಿಂದಲೇ. ಇಡೀ ಮೀನು, ಏಡಿ, ದೊಡ್ಡ ಸಿಗಡಿಗಳನ್ನು ಆರಿಸಿದಾಗ ನಿಮ್ಮೆದುರೇ ತೂಗಿಸಿ, ಕಿಲೋಗೆ ಎಷ್ಟು, ಅಡುಗೆಯ ಖರ್ಚು ಸೇರಿದೆಯೇ, ಒಟ್ಟು ಎಷ್ಟಾಗುತ್ತದೆ ಎಂಬ ಮೂರನ್ನೂ ಕೇಳಿ, ಆ ಮೊತ್ತವನ್ನು ಆರ್ಡರ್ ಚೀಟಿಯಲ್ಲಿ ಬರೆಸಬೇಕು. ತೂಕ ಕೆರೆಯುವ ಮುಂಚಿನದೆಂಬುದು ನೆನಪಿರಲಿ. ಹುರುಪೆ, ಕರುಳು, ತಲೆ ಹೋದ ಮೇಲೆ ತಟ್ಟೆಗೆ ಬರುವುದು ಸಾಕಷ್ಟು ಕಡಿಮೆ, ಏಡಿಯಲ್ಲಂತೂ ಚಿಪ್ಪಿನದೇ ದೊಡ್ಡ ಪಾಲು. ಸಾಮಾನ್ಯ ಹೋಟೆಲುಗಳಲ್ಲಿ ಊಟದ ಮೇಲೆ ಶೇಕಡಾ 5ರಷ್ಟು ಜಿಎಸ್‌ಟಿ ಇರುತ್ತದೆ. ಸೇವಾ ಶುಲ್ಕವನ್ನು ಬಿಲ್ಲಿನಲ್ಲಿ ತಾನಾಗಿಯೇ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲಿಯೇ ಮಾರ್ಗಸೂಚಿ ಹೊರಡಿಸಿದೆ; ಇದ್ದರೆ ತೆಗೆಯಿರೆಂದು ಶಾಂತವಾಗಿ ಹೇಳಿ, ಬಡಿಸಿದ ಹುಡುಗನ ಕೈಗೆ ನೇರವಾಗಿ ಕೊಡುವುದು ನನಗೆ ಸರಿಯೆನಿಸುತ್ತದೆ.

ಆರ್ಡರ್ ಮಾಡುವ ಕ್ರಮದಲ್ಲಿಯೂ ಒಂದು ಜಾಣತನವಿದೆ. ಎಂಟು ಮಂದಿಯ ಮೇಜಿಗೆ ಎಲ್ಲವನ್ನೂ ಒಮ್ಮೆಗೇ ಹೇಳಿದರೆ ಹುರಿದದ್ದು ಆರಿ ಮೆತ್ತಗಾಗುತ್ತದೆ, ಸಾರು ಬರುವಷ್ಟರಲ್ಲಿ ಮಕ್ಕಳಿಗೆ ನಿದ್ದೆ ಬರುತ್ತದೆ. ಮೊದಲು ಮಕ್ಕಳಿಗೆ ಅನ್ನ, ಕಾಲ್ದಿನ್, ಎರಡು ಇಸ್ವಣದ ತುಂಡು. ಜೊತೆಗೆ ದೊಡ್ಡವರಿಗೆ ತಿಸ್ರ್ಯೊ ಸುಕ್ಕೆ. ತೆಂಗಿನತುರಿಯಲ್ಲಿ ಹುರಿದ ಈ ಚಿಪ್ಪುಗಳನ್ನು ಒಂದೊಂದಾಗಿ ಎತ್ತಿ, ಹಲ್ಲಿನಿಂದ ಮಾಂಸ ಬಿಡಿಸಿ, ಖಾಲಿ ಚಿಪ್ಪನ್ನೇ ಚಮಚವಾಗಿಸಿ ತಳದ ಮಸಾಲೆ ಬಾಚಿಕೊಳ್ಳುತ್ತ ಮಾತನಾಡಬಹುದು. ಬೆಂದ ಮೇಲೂ ಬಾಯಿ ಬಿಡದ ಚಿಪ್ಪನ್ನು ಒತ್ತಾಯದಿಂದ ತೆರೆಯದೆ ಬದಿಗಿಡಬೇಕು. ಹುರಿದ ಮೀನನ್ನು ಎರಡು ಕಂತುಗಳಲ್ಲಿ ತರಿಸಬೇಕು. ಏಡಿ ಕೊನೆಗೆ ಬರಲಿ. ಅದು ಬಂದ ಮೇಲೆ ಮೇಜಿನಲ್ಲಿ ಮಾತು ನಿಲ್ಲುತ್ತದೆ, ಕೈಗಳು ಕೆಲಸ ಮಾಡುತ್ತವೆ. ಕೊಂಡಿಗಳನ್ನು ಅಡುಗೆಮನೆಯಲ್ಲಿಯೇ ಒಡೆದು ಕಳಿಸಲು ಹೇಳಿದ್ದರೆ ಮಸಾಲೆ ಒಳಗೂ ಇಳಿದಿರುತ್ತದೆ, ಬಟ್ಟೆಯ ಮೇಲೆ ಸಿಡಿಯುವುದೂ ತಪ್ಪುತ್ತದೆ. ಮೈಯನ್ನು ನಡುವೆ ಎರಡು ಹೋಳು ಮಾಡಿ, ಹಕ್ಕಿಯ ಗರಿಯಂತೆ ಬೂದುಬಣ್ಣಕ್ಕಿರುವ ಕಿವಿರಿನ ಎಳೆಗಳನ್ನು ಕಿತ್ತೆಸೆದು, ಪ್ರತಿ ಕಾಲಿನ ಬುಡದ ಗೂಡಿನಲ್ಲಿರುವ ಬಿಳಿ ಮಾಂಸವನ್ನು ಅದರದೇ ಕಾಲಿನ ತುದಿಯಿಂದ ಮೀಟಿ ತೆಗೆಯುವುದು ಕ್ರಮ. ಅಳಿಯಂದಿರು ಇದರಲ್ಲಿ ಮುಳುಗಿರುವಾಗ ಮಕ್ಕಳನ್ನು ದೋಣಿ ತೋರಿಸಲು ಕರೆದೊಯ್ಯುವವರು ಒಬ್ಬರು ಬೇಕು. ಆ ಕೆಲಸ ಯಾರದೆಂದು ಮುಂಚೆಯೇ ಗೊತ್ತುಪಡಿಸಿಕೊಳ್ಳುವುದು ದಾಂಪತ್ಯಕ್ಕೂ ಹಿತ.

ಸಿಗಡಿ, ಏಡಿ, ಚಿಪ್ಪುಗಳನ್ನು ಹಿಂದೆಂದೂ ತಿನ್ನದ ಮಗುವಿಗೆ ಮೊದಲ ಸಲ ಒಂದು ಚೂರು ಮಾತ್ರ ಕೊಟ್ಟು ಕಾಯಬೇಕು. ಮೀನು ಒಗ್ಗುವವರಿಗೂ ಸಿಗಡಿ ಒಗ್ಗದಿರಬಹುದು. ತುಟಿ ಊದಿಕೊಂಡರೆ, ಉಸಿರಾಟಕ್ಕೆ ತೊಂದರೆಯಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಇದಕ್ಕಿಂತ ಬೇರೆಯಾದ ಇನ್ನೊಂದು ಸಂಗತಿಯಿದೆ. ಬಂಗುಡೆ, ತಾರ್ಲೆ, ಟ್ಯೂನಾದಂಥ ಮೀನುಗಳನ್ನು ಐಸ್ ಇಲ್ಲದೆ ಹೊತ್ತು ಕಳೆದರೆ ಅವುಗಳಲ್ಲಿ ಅಲರ್ಜಿಯಂಥ ಲಕ್ಷಣ ತರುವ ಹಿಸ್ಟಮಿನ್ ಎಂಬ ವಸ್ತು ಹೆಚ್ಚುತ್ತದೆ, ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ. ಅಂಥ ಮೀನು ತಿಂದ ಸ್ವಲ್ಪ ಹೊತ್ತಿನಲ್ಲೇ ಮುಖ ಕೆಂಪೇರಿ, ನಾಲಗೆ ಚುರುಗುಟ್ಟಿ, ಮೈ ತುರಿಸುತ್ತದೆ. ಬಾಯಿಗಿಟ್ಟ ಬಂಗುಡೆ ಮೆಣಸಿಲ್ಲದೆಯೂ ಚುರುಗುಟ್ಟಿದರೆ ಅದನ್ನು ಅಲ್ಲಿಗೇ ಬಿಟ್ಟು ಹೋಟೆಲಿನವರಿಗೆ ತಿಳಿಸಬೇಕು.

ಉಳಿದದ್ದನ್ನು ಕಟ್ಟಿಸಿಕೊಳ್ಳುವ ಆಸೆ ಎಲ್ಲರಿಗೂ ಇರುತ್ತದೆ. ಇಲ್ಲಿನ ಸೆಕೆಯಲ್ಲಿ ಎರಡು ಗಂಟೆಯೊಳಗೆ ತಂಪುಪೆಟ್ಟಿಗೆ ಸೇರುವುದಾದರೆ ಮಾತ್ರ ಕಟ್ಟಿಸಬೇಕು, ಅದೂ ಹುರಿದದ್ದನ್ನು. ತೆಂಗಿನ ಹಾಲಿನ ಸಾರು ಅಷ್ಟು ಹೊತ್ತೂ ತಾಳುವುದು ಕಷ್ಟ. ಅದೇ ದಿನ ರೈಲಿನಲ್ಲಿ ಹೊರಡುವವರು ಘಟ್ಟ ಹತ್ತಿ, ಲೋಂಡಾ ದಾಟಿ ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ಅದು ಕೆಟ್ಟಿರುತ್ತದೆ. ಊರಿಗೆ ಒಯ್ಯಲೇಬೇಕಿದ್ದರೆ ಮಾರುಕಟ್ಟೆಯಲ್ಲಿ ಒಣ ಸಿಗಡಿಯನ್ನು ಕೊಳ್ಳಬಹುದು: ಹಿಡಿಯಲ್ಲಿ ಹಿಸುಕಿದಾಗ ಅಂಟದೆ ಗರಗರ ಉದುರಬೇಕು, ಮೂಗಿಗೆ ಘಾಟು ಹೊಡೆಯಬಾರದು. ಅಂಗಡಿಯವರು ಕೊಡುವ ಒಂದು ಚೀಲ ಸಾಲದು. ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಬಿಗಿದು, ಅದರ ಮೇಲೆ ಒಂದು ಸ್ಟೀಲ್ ಡಬ್ಬಿಯಲ್ಲಿ ಮುಚ್ಚಿ ಇಟ್ಟುಕೊಳ್ಳದಿದ್ದರೆ ಕ್ಯಾಸಲ್‌ರಾಕ್ ಬರುವಷ್ಟರಲ್ಲಿ ಇಡೀ ಬೋಗಿಗೆ ನಿಮ್ಮ ಸಾಮಾನಿನ ವಿವರ ತಿಳಿದಿರುತ್ತದೆ.